ಹ್ಯಾಮ್ ರಿಸೀವರಿನ ಡಿಜಿಟಲ್ ಆಡಿಯೋ ಫಿಲ್ಟರ್: ದೋಷ ಹುಡುಕುವ ಕ್ರಮ

ಹವ್ಯಾಸಿ ರೇಡಿಯೋದಲ್ಲಿ ಡಿಜಿಟಲ್ ಆಡಿಯೋ ಫಿಲ್ಟರ್ ಮೂರು ರೂಪಗಳಲ್ಲಿ ಬಳಕೆಯಲ್ಲಿದೆ: ರಿಸೀವರಿಗೂ ಸ್ಪೀಕರಿಗೂ ನಡುವೆ ಜೋಡಿಸುವ ಪ್ರತ್ಯೇಕ ಡಿಎಸ್‌ಪಿ (ಧ್ವನಿಯನ್ನು ಅಂಕಿಗಳಾಗಿಸಿ ಸಂಸ್ಕರಿಸುವ ವ್ಯವಸ್ಥೆ) ಪೆಟ್ಟಿಗೆ, ರಿಸೀವರಿನ ಒಳಗೇ ಅಡಕವಾಗಿರುವ ಡಿಎಸ್‌ಪಿ, ಹಾಗೂ ಸೌಂಡ್ ಕಾರ್ಡಿನ ಮೂಲಕ ಧ್ವನಿಯನ್ನು ಪಡೆದು ಕಂಪ್ಯೂಟರಿನಲ್ಲಿ ಸೋಸುವ ತಂತ್ರಾಂಶ. ರೂಪ ಯಾವುದೇ ಆಗಿರಲಿ, ಬಳಸುವವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಧ್ವನಿ ಒಡೆಯುತ್ತದೆ, ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ, ಮೋರ್ಸ್ ಸಂಕೇತದ ಚುಕ್ಕೆ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಇಲ್ಲವೇ ಬೇಕಾದ ಸಂಕೇತವೇ ಕಾಣೆಯಾಗುತ್ತದೆ.

ಇಂಥ ದೂರುಗಳಲ್ಲಿ ಬಹುಪಾಲು ಫಿಲ್ಟರಿನ ದೋಷಗಳಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಡಿಯೋ ಫಿಲ್ಟರ್ ಇರುವುದು ಸಂಕೇತದ ಹಾದಿಯ ಕೊನೆಯಲ್ಲಿ. ಅದಕ್ಕೂ ಮೊದಲಿನ ಹಂತಗಳಲ್ಲಿ ಆದ ಕೆಡುಕನ್ನು ಅದು ಅಳಿಸಲಾರದು. ಎಷ್ಟೋ ಸಲ ಆ ಕೆಡುಕನ್ನು ಇನ್ನಷ್ಟು ಎದ್ದುಕಾಣುವಂತೆ ಮಾಡುತ್ತದೆ. ಆದ್ದರಿಂದ ಫಿಲ್ಟರಿನ ಗುಂಡಿಗಳನ್ನು ತಿರುಗಿಸುವ ಮೊದಲು ದೋಷ ಯಾವ ಹಂತದಲ್ಲಿ ಹುಟ್ಟುತ್ತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಕೆಳಗಿನ ಹಂತಗಳನ್ನು ಆ ದೃಷ್ಟಿಯಿಂದಲೇ ಜೋಡಿಸಲಾಗಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರಿಣಾಮವನ್ನು ಬರೆದಿಟ್ಟುಕೊಂಡು ಮುಂದೆ ಹೋಗಿ.

ಹಂತ 1: ದೋಷ ಇರುವ ಜಾಗವನ್ನು ಗುರುತಿಸುವುದು

ಮೊದಲು ಫಿಲ್ಟರನ್ನು ಹಾದಿಯಿಂದ ಪೂರ್ತಿಯಾಗಿ ತೆಗೆದು, ರಿಸೀವರಿಗೆ ನೇರವಾಗಿ ಹೆಡ್‌ಫೋನ್ ಸೇರಿಸಿ ಕೇಳಿ. ದೋಷ ಆಗಲೂ ಇದ್ದರೆ ಅದು ರಿಸೀವರಿನದು ಅಥವಾ ಆಂಟೆನಾದಿಂದ ಬರುತ್ತಿರುವುದು. ದೋಷ ಮಾಯವಾದರೆ ಫಿಲ್ಟರನ್ನು ಮತ್ತೆ ಸೇರಿಸಿ, ವಿದ್ಯುತ್ ಕೊಟ್ಟು, ಅದರ ಎಲ್ಲ ಕಾರ್ಯಗಳನ್ನೂ ನಿಲ್ಲಿಸಿ ಕೇಳಿ. ಈ ಎರಡು ಪರೀಕ್ಷೆಗಳ ನಡುವಿನ ವ್ಯತ್ಯಾಸ ಮುಖ್ಯವಾದದ್ದು. ಅನೇಕ ಪೆಟ್ಟಿಗೆಗಳಲ್ಲಿ ವಿದ್ಯುತ್ ಆರಿಸಿದಾಗ ಒಳಗಿನ ರಿಲೇ ಅಥವಾ ಸ್ವಿಚ್ ಧ್ವನಿಯನ್ನು ತಂತಿಯ ಮೂಲಕ ನೇರವಾಗಿ ದಾಟಿಸುತ್ತದೆ. ಆದರೆ ವಿದ್ಯುತ್ ಇದ್ದು ಕಾರ್ಯಗಳನ್ನು ಮಾತ್ರ ನಿಲ್ಲಿಸಿದಾಗ, ಕೆಲವು ವಿನ್ಯಾಸಗಳಲ್ಲಿ ಧ್ವನಿ ಅಂಕಿಗಳಾಗಿ ಮಾರ್ಪಟ್ಟು ಮತ್ತೆ ಧ್ವನಿಯಾಗಿಯೇ ಹೊರಬರುತ್ತದೆ.

ಹೀಗಾಗಿ ಮೂರು ಉತ್ತರಗಳು ಸಾಧ್ಯ. ನೇರ ತಂತಿಯಲ್ಲೂ ದೋಷವಿದ್ದರೆ ಫಿಲ್ಟರ್ ನಿರಪರಾಧಿ. ನೇರ ತಂತಿಯಲ್ಲಿ ಸ್ವಚ್ಛವಾಗಿದ್ದು, ಎಲ್ಲ ಕಾರ್ಯಗಳು ನಿಂತಿರುವಾಗಲೂ ಧ್ವನಿ ಕೆಡುತ್ತಿದ್ದರೆ ಸಂಕೇತದ ಮಟ್ಟ, ಕೇಬಲ್ ಅಥವಾ ವಿದ್ಯುತ್ ಪೂರೈಕೆಯನ್ನು ನೋಡಬೇಕು. ಹಂತ 2ರಿಂದ 4ರವರೆಗಿನ ವಿಷಯ ಅದು. ಯಾವುದಾದರೊಂದು ಕಾರ್ಯವನ್ನು ಚಾಲೂ ಮಾಡಿದಾಗ ಮಾತ್ರ ಕೆಟ್ಟರೆ, ಹೊಂದಾಣಿಕೆಯೋ ಆ ವಿಧಾನದ ಸಹಜ ಮಿತಿಯೋ ಕಾರಣವಾಗಿರುತ್ತದೆ.

ಹೋಲಿಸುವಾಗ ಧ್ವನಿಯ ಗಟ್ಟಿತನವನ್ನು ಸಮನಾಗಿಸಿಕೊಳ್ಳುವುದನ್ನು ಮರೆಯಬಾರದು. ಗಟ್ಟಿಯಾಗಿ ಕೇಳಿದ್ದು ಸ್ಪಷ್ಟವೆಂದು ಕಿವಿ ನಂಬುತ್ತದೆ. ಕಿರಿದಾದ ಫಿಲ್ಟರ್ ನಾಯ್ಸನ್ನು ಕಡಿತಗೊಳಿಸುವುದರಿಂದ ಒಟ್ಟು ಸದ್ದು ಇಳಿಯುತ್ತದೆ, ಮತ್ತು ಸಂಕೇತವೇ ಕುಂದಿತೆಂಬ ತಪ್ಪು ಭಾವನೆ ಉಂಟಾಗುತ್ತದೆ.

ಹಂತ 2: ಒಳಬರುವ ಸಂಕೇತದ ಮಟ್ಟ

ಅನಲಾಗ್ ಆಂಪ್ಲಿಫೈಯರುಗಳಲ್ಲಿ ಹಲವು ಮಿತಿ ಮೀರಿದಾಗ ನಿಧಾನವಾಗಿ ಕೆಡುತ್ತವೆ. ಧ್ವನಿಯನ್ನು ಅಂಕಿಗಳಾಗಿಸುವ ಡಿಜಿಟಲ್ ಪರಿವರ್ತಕ ಹಾಗಲ್ಲ. ಅದರ ಪೂರ್ಣ ಮಟ್ಟವನ್ನು ದಾಟಿದ ಕ್ಷಣವೇ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ, ಮೂಲದಲ್ಲಿ ಇಲ್ಲದ ಆವರ್ತನಗಳು ಹುಟ್ಟುತ್ತವೆ. ಇವುಗಳಲ್ಲಿ ಕೆಲವು ಫಿಲ್ಟರಿನ ಕಿಟಕಿಯೊಳಗೇ, ಎಂದರೆ ಅದು ಹಾಯಲು ಬಿಡುವ ಆವರ್ತನಗಳ ನಡುವೆಯೇ, ಬಂದು ಬೀಳುತ್ತವೆ. ಒಮ್ಮೆ ಬಿದ್ದ ಮೇಲೆ ಯಾವ ಫಿಲ್ಟರೂ ಅವನ್ನು ಬೇರ್ಪಡಿಸಲಾರದು. ಕಿರಿದಾದ ಸಿಡಬ್ಲ್ಯೂ (ಮೋರ್ಸ್ ಸಂಕೇತದ) ಫಿಲ್ಟರ್ ಹಾಕಿಕೊಂಡು ದುರ್ಬಲ ನಿಲ್ದಾಣವನ್ನು ಕೇಳುತ್ತಿರುವಾಗ, ಕಿವಿಗೆ ಬೀಳದ ಪಕ್ಕದ ಬಲವಾದ ಸಂಕೇತವೇ ಪರಿವರ್ತಕವನ್ನು ತುಂಬಿಬಿಟ್ಟಿರಬಹುದು. ಆಗ ದೋಷ ಎಲ್ಲಿಂದ ಬಂತೆಂದು ತಿಳಿಯದೆ ಬಳಕೆದಾರರು ಫಿಲ್ಟರನ್ನು ಇನ್ನೂ ಕಿರಿದುಮಾಡುತ್ತಾ ಹೋಗುತ್ತಾರೆ, ಅದರಿಂದ ಪ್ರಯೋಜನವಾಗುವುದಿಲ್ಲ.

ಮಟ್ಟ ತೀರಾ ಕಡಿಮೆಯಾದರೂ ತೊಂದರೆಯೇ. ಪರಿವರ್ತಕದ ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬೆಲ್ ವ್ಯಾಪ್ತಿ ಸಿಗುತ್ತದೆ. 16 ಬಿಟ್ಟಿನ ಪರಿವರ್ತಕಕ್ಕೆ ಸಿದ್ಧಾಂತದಲ್ಲಿ ಸುಮಾರು 98 ಡೆಸಿಬೆಲ್. ಸಂಕೇತವನ್ನು ಪೂರ್ಣ ಮಟ್ಟಕ್ಕಿಂತ 60 ಡೆಸಿಬೆಲ್ ಕೆಳಗೆ ಕೊಟ್ಟರೆ ಬಳಕೆಗೆ ಉಳಿಯುವುದು 38 ಡೆಸಿಬೆಲ್ ಮಾತ್ರ. ಆಮೇಲೆ ಸ್ಪೀಕರಿನ ಕಡೆ ವಾಲ್ಯೂಮ್ ಏರಿಸಿದಾಗ ಪರಿವರ್ತಕದ ಸ್ವಂತ ಸುಯ್ಯೆಂಬ ಸದ್ದೂ ಜೊತೆಗೆ ಏರುತ್ತದೆ.

ಸರಿಪಡಿಸುವ ಕ್ರಮ ಸರಳವಾದದ್ದು. ಬ್ಯಾಂಡಿನಲ್ಲಿ ಸಿಗುವ ಅತ್ಯಂತ ಬಲವಾದ ಸಂಕೇತಕ್ಕೆ ಟ್ಯೂನ್ ಮಾಡಿ, ಫಿಲ್ಟರಿನ ಮಿತಿಸೂಚಕ ದೀಪ ಮಿನುಗುವವರೆಗೆ ಒಳಮಟ್ಟವನ್ನು ಏರಿಸಿ, ಅಲ್ಲಿಂದ 10ರಿಂದ 15 ಡೆಸಿಬೆಲ್ ಇಳಿಸಿ ಬಿಡಿ. ಮುಂದೆ ಗಟ್ಟಿತನವನ್ನು ಫಿಲ್ಟರಿನ ಹೊರಭಾಗದ ಗುಂಡಿಯಿಂದಲೇ ಹೊಂದಿಸಿಕೊಳ್ಳಿ, ರಿಸೀವರಿನ ವಾಲ್ಯೂಮನ್ನು ಮುಟ್ಟಬೇಡಿ. ರಿಸೀವರಿನಲ್ಲಿ ವಾಲ್ಯೂಮ್ ಗುಂಡಿಗೆ ಸಂಬಂಧವಿಲ್ಲದ ಸ್ಥಿರ ಮಟ್ಟದ ಲೈನ್ ಔಟ್ ಇದ್ದರೆ ಅದನ್ನೇ ಬಳಸುವುದು ಎಲ್ಲಕ್ಕಿಂತ ಉತ್ತಮ. ಒಮ್ಮೆ ಹೊಂದಿಸಿದರೆ ಮಟ್ಟ ಮತ್ತೆ ಕದಲುವುದಿಲ್ಲ.

ಇದೇ ಹಂತದಲ್ಲಿ ಇನ್ನೊಂದು ವಿಚಿತ್ರವನ್ನೂ ಪರೀಕ್ಷಿಸಿಬಿಡಬಹುದು. ಸೆಕೆಂಡಿಗೆ 8,000 ಮಾದರಿಗಳನ್ನು ತೆಗೆದುಕೊಳ್ಳುವ ಫಿಲ್ಟರ್ 4 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಸರಿಯಾಗಿ ಗುರುತಿಸಲಾರದು. ಪರಿವರ್ತಕದ ಮುಂದಿರುವ ಅನಲಾಗ್ ಫಿಲ್ಟರ್ ದುರ್ಬಲವಾಗಿದ್ದರೆ 5 ಕಿಲೋಹರ್ಟ್ಸ್‌ನ ಸೀಟಿ 3 ಕಿಲೋಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಸ್ಥಿರವಾದ ಒಂದು ಕ್ಯಾರಿಯರಿನ (ಒಂದೇ ಸೀಟಿಯಂತೆ ಕೇಳುವ, ಮಾತಿಲ್ಲದ ಅಲೆಯ) ಮೇಲೆ ನಿಧಾನವಾಗಿ ಟ್ಯೂನ್ ಮಾಡುತ್ತಾ ಹೋಗಿ: ಸ್ವರ ಏರುತ್ತಾ ಹೋಗಿ ಒಂದು ಜಾಗದಲ್ಲಿ ತಿರುಗಿ ಇಳಿಯತೊಡಗಿದರೆ, ಅದು ಈ ಹುಸಿ ಸ್ವರವೇ. ಎಸ್‌ಎಸ್‌ಬಿಯ (ಹ್ಯಾಮ್‌ಗಳು ಮಾತಿಗೆ ಬಳಸುವ ಕಿರಿದಾದ ಪ್ರಸಾರ ವಿಧಾನ) 2.4 ಅಥವಾ 2.7 ಕಿಲೋಹರ್ಟ್ಸ್ ಫಿಲ್ಟರ್ ರಿಸೀವರಿನಲ್ಲಿದ್ದರೆ ಇದು ಅಪರೂಪ. ಎಎಂ ಆಲಿಸುವಾಗ ಮತ್ತು ನೇರ ಪರಿವರ್ತನೆಯ ಸರಳ ರಿಸೀವರುಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಪರಿಹಾರ ಫಿಲ್ಟರಿನ ಮುಂದೆ ಒಂದು ಅನಲಾಗ್ ಲೋಪಾಸ್ (ಮೇಲಿನ ಆವರ್ತನಗಳನ್ನು ತಡೆಯುವ ಫಿಲ್ಟರ್) ಸೇರಿಸುವುದು. ತಂತ್ರಾಂಶದ ಒಳಗೆ ಇದಕ್ಕೆ ಪರಿಹಾರವಿಲ್ಲ.

ಹಂತ 3: ಕೇಬಲ್, ಪ್ಲಗ್ ಮತ್ತು ಹಮ್

ಒಂದು ಕಿವಿಗೆ ಮಾತ್ರ ಧ್ವನಿ ಬರುತ್ತಿದ್ದರೆ ಅಥವಾ ಮಟ್ಟ ಅರ್ಧಕ್ಕಿಳಿದಿದ್ದರೆ ಮೊದಲು ಪ್ಲಗ್ಗನ್ನು ನೋಡಿ. ಸ್ಟೀರಿಯೋ ಜಾಕಿಗೆ ಮೋನೋ ಪ್ಲಗ್ ಹಾಕಿದಾಗ ಒಂದು ಚಾನೆಲ್ ನೆಲಕ್ಕೆ ಶಾರ್ಟ್ ಆಗುತ್ತದೆ. ಸ್ಪೀಕರ್ ಜಾಕಿನಿಂದ ಧ್ವನಿ ಪಡೆಯುವವರು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಕೆಲವು ಸಾಧನಗಳ ಸ್ಪೀಕರ್ ಔಟ್‌ಪುಟ್ ಬ್ರಿಡ್ಜ್ ಮಾದರಿಯದು. ಅದರ ಎರಡು ತಂತಿಗಳಲ್ಲಿ ಯಾವುದೂ ನೆಲಕ್ಕೆ ಸೇರಿರುವುದಿಲ್ಲ. ನೆಲಕ್ಕೆ ಸೇರಿದ ಜಾಕಿರುವ ಫಿಲ್ಟರಿಗೆ ಅದನ್ನು ಹಾಕಿದರೆ ಆಂಪ್ಲಿಫೈಯರಿನ ಅರ್ಧಭಾಗ ಶಾರ್ಟ್ ಆಗಿ ಸುಟ್ಟುಹೋಗಬಹುದು. ಸಾಧನದ ಕೈಪಿಡಿಯಲ್ಲಿರುವ ಸರ್ಕ್ಯೂಟ್ ಚಿತ್ರವನ್ನು ನೋಡದೆ ಈ ಜೋಡಣೆ ಮಾಡಬೇಡಿ.

ಫಿಲ್ಟರ್ ಸೇರಿಸಿದೊಡನೆ ಹಮ್ ಬಂದರೆ ಅದರ ಆವರ್ತನವನ್ನು ಗಮನಿಸಿ. ಕರೆಂಟಿನ ಆವರ್ತನವಾದ 50 ಅಥವಾ 60 ಹರ್ಟ್ಸ್‌ನಲ್ಲೇ ಹಮ್ ಇದ್ದರೆ ರಿಸೀವರ್ ಮತ್ತು ಫಿಲ್ಟರ್ ಎರಡು ಬೇರೆ ದಾರಿಗಳಲ್ಲಿ ನೆಲಕ್ಕೆ ಸೇರಿ ಗ್ರೌಂಡ್ ಲೂಪ್ ಉಂಟಾಗಿರುವ ಸಂಭವ ಹೆಚ್ಚು. ಅದರ ಎರಡರಷ್ಟು, ಎಂದರೆ 100 ಅಥವಾ 120 ಹರ್ಟ್ಸ್ ಪ್ರಬಲವಾಗಿದ್ದರೆ ವಿದ್ಯುತ್ ಪೂರೈಕೆಯ ಫಿಲ್ಟರ್ ಕೆಪಾಸಿಟರನ್ನು ಅನುಮಾನಿಸಬಹುದು. ಲೂಪಿಗೆ ಪರಿಹಾರವೆಂದರೆ ಆಡಿಯೋ ಹಾದಿಯಲ್ಲಿ 600 ಓಮ್‌ನಿಂದ 600 ಓಮ್‌ಗೆ ಇರುವ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್. ಲೈನ್ ಮಟ್ಟದ ಜೋಡಣೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಮ್ ಹೋಗಲಾಡಿಸಲೆಂದು ಉಪಕರಣದ ಸುರಕ್ಷತಾ ಅರ್ಥಿಂಗ್ ತಂತಿಯನ್ನು ಕತ್ತರಿಸುವುದು ಪ್ರಾಣಕ್ಕೆ ಅಪಾಯ. ಅದನ್ನು ಎಂದಿಗೂ ಮಾಡಬಾರದು.

ಹಂತ 4: ಫಿಲ್ಟರೇ ನಾಯ್ಸ್ ಹುಟ್ಟಿಸುತ್ತಿದೆಯೇ?

ಡಿಎಸ್‌ಪಿ ಚಿಪ್ಪಿನ ಗಡಿಯಾರವೂ ಸ್ವಿಚಿಂಗ್ ಅಡಾಪ್ಟರೂ ರೇಡಿಯೋ ಆವರ್ತನದಲ್ಲಿ ಸೋರುತ್ತವೆ. ಫಿಲ್ಟರಿನ ವಿದ್ಯುತ್ತನ್ನು ಆರಿಸಿ ಹಚ್ಚುತ್ತಾ ರಿಸೀವರಿನ ಎಸ್ ಮೀಟರನ್ನು (ಸಂಕೇತದ ಬಲ ತೋರಿಸುವ ಮಾಪಕ) ನೋಡಿ. ಹಚ್ಚಿದಾಗ ಮೀಟರ್ ಮೇಲೇರಿದರೆ ಅಥವಾ ಹೊಸ ಸೀಟಿಗಳು ಕಾಣಿಸಿಕೊಂಡರೆ ಫಿಲ್ಟರ್ ತಾನೇ ಸೋಸಬೇಕಾದ ಕಸವನ್ನು ತಾನೇ ಸುರಿಯುತ್ತಿದೆ. ಬ್ಯಾಟರಿಯಿಂದ ನಡೆಸಿದಾಗ ಅದು ನಿಂತರೆ ಅಡಾಪ್ಟರ್ ಕಾರಣ; ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಪೂರೈಕೆಗೆ ಬದಲಾಯಿಸಿ. ಬ್ಯಾಟರಿಯಲ್ಲೂ ನಿಲ್ಲದಿದ್ದರೆ ಪೆಟ್ಟಿಗೆಯನ್ನು ರಿಸೀವರಿನಿಂದಲೂ ಆಂಟೆನಾ ಕೇಬಲಿನಿಂದಲೂ ದೂರವಿಟ್ಟು, ಆಡಿಯೋ ಮತ್ತು ವಿದ್ಯುತ್ ತಂತಿಗಳನ್ನು ಫೆರೈಟ್ ಉಂಗುರದೊಳಗೆ ಹಲವು ಸುತ್ತು ಸುತ್ತಿ. ತಂತಿ ಒಂದೇ ಸಲ ಹಾಯುವ ಕ್ಲಿಪ್ ಫೆರೈಟ್ ಎಚ್‌ಎಫ್‌ನ (ಶಾರ್ಟ್‌ವೇವ್) ಕೆಳ ಬ್ಯಾಂಡುಗಳಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಸುತ್ತುಗಳನ್ನು ಎರಡರಷ್ಟು ಮಾಡಿದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ, ಮತ್ತು ಎಚ್‌ಎಫ್‌ಗೆ 31ನೇ ಮಿಶ್ರಣದ ಫೆರೈಟ್ ಸೂಕ್ತವಾದದ್ದು.

ಟ್ರಾನ್ಸ್‌ಮಿಟ್ ಮಾಡಿದಾಗ ಫಿಲ್ಟರ್ ಸ್ತಬ್ಧವಾಗುವುದು ಅಥವಾ ಕಿರುಚುವುದು ಇದೇ ಸಮಸ್ಯೆಯ ಇನ್ನೊಂದು ಮುಖ. ಅಲ್ಲಿ ನಿಮ್ಮ ಆರ್‌ಎಫ್ (ರೇಡಿಯೋ ಆವರ್ತನದ ಶಕ್ತಿ) ತಂತಿಗಳ ಮೂಲಕ ಪೆಟ್ಟಿಗೆಯೊಳಗೆ ನುಗ್ಗುತ್ತಿರುತ್ತದೆ. ಶಕ್ತಿಯನ್ನು ಇಳಿಸಿ ನೋಡಿ. ಆಂಟೆನಾ ಬದಲು ಶಕ್ತಿಯನ್ನು ಹೀರಿಕೊಳ್ಳುವ ಡಮ್ಮಿ ಲೋಡಿಗೆ ಟ್ರಾನ್ಸ್‌ಮಿಟ್ ಮಾಡಿ ನೋಡಿ. ಡಮ್ಮಿ ಲೋಡಿನಲ್ಲಿ ತೊಂದರೆ ಇಲ್ಲವೆಂದರೆ ಆಂಟೆನಾ ಫೀಡ್‌ಲೈನಿನ (ಆಂಟೆನಾಕ್ಕೆ ಹೋಗುವ ಕೇಬಲಿನ) ಹೊರಮೈಯಲ್ಲಿ ಆರ್‌ಎಫ್ ಹಿಂದಿರುಗುತ್ತಿದೆ ಎಂದರ್ಥ. ಅದಕ್ಕೆ ಫೀಡ್‌ಲೈನಿನಲ್ಲಿ ಆ ಆರ್‌ಎಫ್ ತಡೆಯುವ ಚೋಕ್ ಹಾಕುವುದೇ ಸರಿಯಾದ ಚಿಕಿತ್ಸೆ.

ಹಂತ 5: ಎಜಿಸಿ

ಈ ಹಂತವನ್ನು ನಿಧಾನವಾಗಿ ಓದಿ. ಪ್ರತ್ಯೇಕ ಆಡಿಯೋ ಫಿಲ್ಟರುಗಳ ಬಗ್ಗೆ ಉಂಟಾಗುವ ನಿರಾಶೆಯಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲೇ.

ರಿಸೀವರಿನ ಎಜಿಸಿ (ಸಂಕೇತದ ಬಲಕ್ಕೆ ತಕ್ಕಂತೆ ಗೇನನ್ನು, ಎಂದರೆ ವರ್ಧನೆಯನ್ನು, ತಾನಾಗಿ ಹೊಂದಿಸುವ ವ್ಯವಸ್ಥೆ), ಐಎಫ್ (ಆಡಿಯೋಗಿಂತ ಮೊದಲಿನ ಮಧ್ಯಂತರ ಆವರ್ತನದ ಹಂತ) ಫಿಲ್ಟರಿನ ಮೂಲಕ ಹಾದುಬಂದ ಎಲ್ಲ ಸಂಕೇತಗಳನ್ನೂ ನೋಡಿ ಗೇನನ್ನು ನಿರ್ಧರಿಸುತ್ತದೆ. ಆಮೇಲೆ ಆಡಿಯೋದಲ್ಲಿ ನೀವು ಏನನ್ನು ತೆಗೆದುಹಾಕುತ್ತೀರಿ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. 2.4 ಕಿಲೋಹರ್ಟ್ಸ್ ಐಎಫ್ ಕಿಟಕಿಯೊಳಗೆ ದುರ್ಬಲವಾದ ಒಂದು ಸಿಡಬ್ಲ್ಯೂ ಸಂಕೇತವಿದ್ದು, 1 ಕಿಲೋಹರ್ಟ್ಸ್ ಆಚೆಗೆ ಬಲವಾದ ಇನ್ನೊಂದಿದೆ ಎಂದುಕೊಳ್ಳಿ. 200 ಹರ್ಟ್ಸ್‌ನ ಆಡಿಯೋ ಫಿಲ್ಟರ್ ಬಲವಾದದ್ದನ್ನು ಕಿವಿಯಿಂದ ಮರೆಮಾಡುತ್ತದೆ. ಆದರೆ ಅದು ಕೀ ಒತ್ತಿದಾಗಲೆಲ್ಲ ಎಜಿಸಿ ಗೇನನ್ನು ಇಳಿಸುವುದರಿಂದ, ನಿಮ್ಮ ದುರ್ಬಲ ಸಂಕೇತ ಕಾಣದ ಕೈಯೊಂದು ವಾಲ್ಯೂಮ್ ತಿರುಗಿಸುತ್ತಿರುವಂತೆ ಏರಿಳಿಯುತ್ತದೆ. ಎಸ್‌ಎಸ್‌ಬಿ ಮಾತಿನ ನಡುವೆ ಕ್ಯಾರಿಯರ್ ಬಂದಾಗಲೂ ಇದೇ ಕಥೆ: ಸ್ವಯಂಚಾಲಿತ ನಾಚ್ (ಒಂದೇ ಆವರ್ತನವನ್ನು ಕತ್ತರಿಸುವ ಫಿಲ್ಟರ್) ಸೀಟಿಯನ್ನು ಅಳಿಸುತ್ತದೆ, ಮಾತು ಮಾತ್ರ ಕುಗ್ಗಿಯೇ ಇರುತ್ತದೆ.

ಪತ್ತೆ ಮಾಡುವ ಬಗೆ ಹೀಗಿದೆ. ಧ್ವನಿ ಏರಿಳಿಯುತ್ತಿರುವಾಗ ಎಸ್ ಮೀಟರನ್ನು ನೋಡಿ. ನಿಮಗೆ ಕೇಳಿಸುವ ಸಂಕೇತದ ಲಯಕ್ಕೆ ಸಂಬಂಧವಿಲ್ಲದೆ ಮುಳ್ಳು ಕುಣಿಯುತ್ತಿದ್ದರೆ ಎಜಿಸಿಯನ್ನು ಬೇರೆ ಯಾರೋ ಆಳುತ್ತಿದ್ದಾರೆ. ಆಗ ಎಜಿಸಿ ನಿಲ್ಲಿಸಿ, ಆರ್‌ಎಫ್ ಗೇನನ್ನು ಸಾಕಷ್ಟು ಇಳಿಸಿ, ಕೈಯಿಂದಲೇ ಗೇನ್ ನಡೆಸಿ. ಎಜಿಸಿ ನಿಲ್ಲಿಸುವಾಗ ಹೆಡ್‌ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯುವುದು ಕ್ಷೇಮ. ಎಜಿಸಿ ನಿಲ್ಲಿಸುವ ಸೌಕರ್ಯವಿಲ್ಲದಿದ್ದರೆ ಆರ್‌ಎಫ್ ಗೇನ್ ಇಳಿಸುವುದರಿಂದಲೇ ಅರ್ಧ ತೊಂದರೆ ತೀರುತ್ತದೆ. ಪಾಸ್‌ಬ್ಯಾಂಡ್ ಟ್ಯೂನಿಂಗ್ ಇದ್ದರೆ ಬಲವಾದ ಸಂಕೇತವನ್ನು ಐಎಫ್ ಕಿಟಕಿಯ ಹೊರಗೆ ತಳ್ಳಿ. ಐಎಫ್ ಹಂತದಲ್ಲೇ ಡಿಎಸ್‌ಪಿ ನಡೆಸುವ ರಿಸೀವರುಗಳಲ್ಲಿ ಫಿಲ್ಟರ್ ಸಾಮಾನ್ಯವಾಗಿ ಎಜಿಸಿ ಸುರುಳಿಯ ಒಳಗಿರುವುದರಿಂದ ಈ ಕಾಟ ಬಹಳ ಕಡಿಮೆ. ಫಿಲ್ಟರಿಗೆ ಖರ್ಚು ಮಾಡಲು ಹೊರಟವರಿಗೆ ನಾನು ಮೊದಲು ಹೇಳುವುದೂ ಅದನ್ನೇ: ರಿಸೀವರಿನಲ್ಲಿ ಕಿರಿದಾದ ಐಎಫ್ ಫಿಲ್ಟರಿಗೆ ಜಾಗವಿದ್ದರೆ ಮೊದಲು ಅದನ್ನು ತುಂಬಿ, ಆಡಿಯೋ ಫಿಲ್ಟರನ್ನು ಅದರ ಮೇಲೆ ಹೊಳಪು ಕೊಡಲು ಇಟ್ಟುಕೊಳ್ಳಿ.

ಹಂತ 6: ಅಗಲ, ಕೇಂದ್ರ ಮತ್ತು ಗುಂಯ್‌ಗುಡುವಿಕೆ

ಕಿರಿದಾದ ಫಿಲ್ಟರ್ ಹಾಕಿದೊಡನೆ ಸಿಡಬ್ಲ್ಯೂ ಸಂಕೇತ ಪೂರ್ತಿ ಮಾಯವಾದರೆ ಕೇಂದ್ರ ಆವರ್ತನ ಹೊಂದಿಲ್ಲ. ರಿಸೀವರಿನ ಪಿಚ್ (ಸಿಡಬ್ಲ್ಯೂ ಸಂಕೇತ ಕೇಳುವ ಸ್ವರ) 600 ಹರ್ಟ್ಸ್ ಇದ್ದು ಫಿಲ್ಟರಿನ ಕೇಂದ್ರ 750 ಹರ್ಟ್ಸ್ ಇದ್ದರೆ, 100 ಹರ್ಟ್ಸ್ ಅಗಲದ ಕಿಟಕಿಯಲ್ಲಿ ಸಂಕೇತಕ್ಕೆ ಪ್ರವೇಶವೇ ಇಲ್ಲ. ಫಿಲ್ಟರ್ ತೆರೆದಿಟ್ಟು, ಸಂಕೇತವನ್ನು ನಿಮ್ಮ ಸೈಡ್‌ಟೋನಿಗೆ (ಕೀ ಒತ್ತಿದಾಗ ನಿಮಗೇ ಕೇಳುವ ಸ್ವರಕ್ಕೆ) ಸಮನಾಗುವಂತೆ ಟ್ಯೂನ್ ಮಾಡಿ, ಆಮೇಲೆ ಫಿಲ್ಟರಿನ ಕೇಂದ್ರವನ್ನು ಅದೇ ಸ್ವರಕ್ಕೆ ತನ್ನಿ. ಹೀಗೆ ಮಾಡಿದರೆ ನಿಮ್ಮ ಟ್ರಾನ್ಸ್‌ಮಿಟ್ ಆವರ್ತನವೂ ಎದುರಿನವರ ಆವರ್ತನದ ಮೇಲೇ ಕೂರುತ್ತದೆ.

ಗುಂಯ್‌ಗುಡುವಿಕೆ, ಎಂದರೆ ಸಂಕೇತ ನಿಂತ ಮೇಲೂ ಫಿಲ್ಟರ್ ಸ್ವಲ್ಪ ಹೊತ್ತು ಮಿಡಿಯುತ್ತಿರುವುದು, ದೋಷವಲ್ಲ, ಭೌತನಿಯಮ. ಫಿಲ್ಟರ್ ಪ್ರತಿಕ್ರಿಯಿಸಲು ಬೇಕಾಗುವ ಸಮಯ ಸರಿಸುಮಾರು ಅದರ ಅಗಲದ ವಿಲೋಮದಷ್ಟಿರುತ್ತದೆ: 250 ಹರ್ಟ್ಸ್‌ಗೆ 4 ಮಿಲಿಸೆಕೆಂಡ್, 50 ಹರ್ಟ್ಸ್‌ಗೆ 20 ಮಿಲಿಸೆಕೆಂಡ್. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಅವಧಿ 60 ಮಿಲಿಸೆಕೆಂಡ್, 30 ಪದಗಳಲ್ಲಿ 40. ಎಂದರೆ 50 ಹರ್ಟ್ಸ್ ಫಿಲ್ಟರಿನಲ್ಲಿ ವೇಗದ ಸಂಕೇತದ ಚುಕ್ಕೆಯ ಅರ್ಧದಷ್ಟು ಸಮಯ ಏರುವುದಕ್ಕೇ ಹೋಗುತ್ತದೆ, ಅಷ್ಟೇ ಸಮಯ ಇಳಿಯುವುದಕ್ಕೂ ಬೇಕು. ಅಂಚುಗಳು ಕಡಿದಾದಷ್ಟೂ ಗುಂಯ್‌ಗುಡುವಿಕೆ ಹೆಚ್ಚು. ಸಾಮಾನ್ಯ ಬಳಕೆಗೆ 200ರಿಂದ 300 ಹರ್ಟ್ಸ್ ಸಾಕು, ಅದಕ್ಕಿಂತ ಕಿರಿದನ್ನು ಅನಿವಾರ್ಯವಾದಾಗ ಮಾತ್ರ ಹಾಕಿ ಎಂಬುದು ನನ್ನ ಸಲಹೆ. ತಂತ್ರಾಂಶ ಅಂಚಿನ ಕಡಿದನ್ನು ಬದಲಿಸಲು ಬಿಟ್ಟರೆ ಮೃದುವಾದದ್ದನ್ನೇ ಆರಿಸಿ.

ಪಟಪಟ ಸಿಡಿಯುವ ನಾಯ್ಸ್ ಇರುವಾಗ ಕಿರಿದಾದ ಫಿಲ್ಟರ್ ಪರಿಸ್ಥಿತಿಯನ್ನು ಕೆಡಿಸುತ್ತದೆ. ಒಂದೊಂದು ಸಿಡಿತವೂ ಫಿಲ್ಟರನ್ನು ಬಡಿದು, ಅದರದೇ ಸ್ವರದಲ್ಲಿ ಒಂದು ಚುಕ್ಕೆಯಂತೆ ಕೇಳಿಸುತ್ತದೆ. ಸಿಡಿತವನ್ನು ಹಾದಿಯ ಆರಂಭದಲ್ಲಿ, ಅದು ಇನ್ನೂ ಚಿಕ್ಕದಾಗಿರುವಾಗಲೇ, ರಿಸೀವರಿನ ನಾಯ್ಸ್ ಬ್ಲ್ಯಾಂಕರ್ ಕತ್ತರಿಸಬೇಕು. ಆಡಿಯೋದವರೆಗೆ ಬರುವಷ್ಟರಲ್ಲಿ ಐಎಫ್ ಫಿಲ್ಟರ್ ಅದನ್ನು ಹಿಗ್ಗಿಸಿಯಾಗಿರುತ್ತದೆ.

ವಿಳಂಬವೂ ಇದೇ ಲೆಕ್ಕಕ್ಕೆ ಸೇರಿದ್ದು. ಸಮರೂಪದ ಎಫ್‌ಐಆರ್ (ಕಳೆದ ಇಂತಿಷ್ಟು ಮಾದರಿಗಳನ್ನು ಕೂಡಿಸಿ ಲೆಕ್ಕ ಹಾಕುವ) ಫಿಲ್ಟರ್ ತನ್ನ ಉದ್ದದ ಅರ್ಧದಷ್ಟು ಮಾದರಿಗಳ ಕಾಲ ಧ್ವನಿಯನ್ನು ತಡಮಾಡುತ್ತದೆ. 8 ಕಿಲೋಹರ್ಟ್ಸ್ ದರದಲ್ಲಿ 256 ಹಂತಗಳ ಫಿಲ್ಟರಿಗೆ ಸುಮಾರು 16 ಮಿಲಿಸೆಕೆಂಡ್, 1,024 ಹಂತಗಳಿಗೆ 64. ಸ್ವಂತ ಸೈಡ್‌ಟೋನನ್ನು ಇಷ್ಟು ತಡವಾಗಿ ಕೇಳುತ್ತಾ ವೇಗವಾಗಿ ಕೀ ಒತ್ತುವುದು ಕಷ್ಟ; ಕೈ ತಾನಾಗಿಯೇ ತಪ್ಪುತ್ತದೆ. ಸೈಡ್‌ಟೋನನ್ನು ಕೀಯರಿನಿಂದಲೇ (ಚುಕ್ಕೆ ಗೆರೆಗಳನ್ನು ರೂಪಿಸುವ ಸಾಧನ) ನೇರವಾಗಿ ಪಡೆಯಿರಿ. ರಿಸೀವರಿನ ಒಳಸ್ಪೀಕರ್ ಆಡುತ್ತಿರುವಾಗಲೇ ಫಿಲ್ಟರಿನ ಸ್ಪೀಕರೂ ಆಡಿದರೆ ಪ್ರತಿಧ್ವನಿ ಕೇಳಿಸುವುದಕ್ಕೂ ಈ ವಿಳಂಬವೇ ಕಾರಣ; ಒಂದನ್ನು ನಿಲ್ಲಿಸಿ.

ಹಂತ 7: ನಾಯ್ಸ್ ಇಳಿಕೆ ಮತ್ತು ಸ್ವಯಂಚಾಲಿತ ನಾಚ್

ಇವೆರಡೂ ಒಂದೇ ತತ್ತ್ವದ ಎರಡು ಬಳಕೆಗಳು. ಎಂಜಿನಿಯರುಗಳಾದ ವಿಡ್ರೋ ಮತ್ತು ಹಾಫ್ 1960ರಲ್ಲಿ ಪ್ರಕಟಿಸಿದ ಎಲ್‌ಎಂಎಸ್ ವಿಧಾನ ಇವುಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಈಗಷ್ಟೇ ಕಳೆದ ಧ್ವನಿಯ ತುಣುಕಿನಿಂದ ಮುಂದಿನದನ್ನು ಫಿಲ್ಟರ್ ಊಹಿಸುತ್ತದೆ. ಸೀಟಿಯನ್ನು ಸುಲಭವಾಗಿ ಊಹಿಸಬಹುದು, ಮಾತನ್ನು ಅಲ್ಪಕಾಲಕ್ಕೆ ಊಹಿಸಬಹುದು, ಸುಯ್ಯೆಂಬ ನಾಯ್ಸನ್ನು ಊಹಿಸಲಾಗದು. ಊಹೆಗೆ ಸಿಕ್ಕಿದ್ದನ್ನು ಉಳಿಸಿಕೊಂಡರೆ ಅದು ನಾಯ್ಸ್ ಇಳಿಕೆ. ಊಹೆಗೆ ಸಿಕ್ಕಿದ್ದನ್ನು ಕಳೆದರೆ ಅದು ಸ್ವಯಂಚಾಲಿತ ನಾಚ್. ಇದನ್ನು ತಿಳಿದವರಿಗೆ ಸ್ವಯಂಚಾಲಿತ ನಾಚ್ ಸಿಡಬ್ಲ್ಯೂ ಸಂಕೇತವನ್ನೇ ನುಂಗುವುದು ಆಶ್ಚರ್ಯವೆನಿಸುವುದಿಲ್ಲ, ಏಕೆಂದರೆ ಸಿಡಬ್ಲ್ಯೂ ಸಂಕೇತವೂ ಸೀಟಿಯೇ. ಸಿಡಬ್ಲ್ಯೂನಲ್ಲಿ ಕೈಯಿಂದ ಹೊಂದಿಸುವ ನಾಚನ್ನು ಮಾತ್ರ ಬಳಸಿ.

ಎಸ್‌ಎಸ್‌ಬಿ ಮಾತು ನೀರಿನೊಳಗಿನ ಸದ್ದಿನಂತಾದರೆ ನಾಯ್ಸ್ ಇಳಿಕೆಯ ಮಟ್ಟ ಹೆಚ್ಚಾಗಿದೆ. ಮಟ್ಟವನ್ನು ಸೊನ್ನೆಯಿಂದ ಆರಂಭಿಸಿ, ನಾಯ್ಸ್ ಸ್ವಲ್ಪ ಹಿಂದೆ ಸರಿದೊಡನೆ ನಿಲ್ಲಿಸಿ. ರಿಸೀವರಿನಲ್ಲೂ ಹೊರಗಿನ ಪೆಟ್ಟಿಗೆಯಲ್ಲೂ ಏಕಕಾಲಕ್ಕೆ ನಾಯ್ಸ್ ಇಳಿಕೆ ಹಚ್ಚಬೇಡಿ. ಮೊದಲನೆಯದು ಬಿಟ್ಟ ಚೂರುಗಳನ್ನು ಎರಡನೆಯದು ಸಂಕೇತವೆಂದು ಭಾವಿಸಿ ಎತ್ತಿ ತೋರಿಸುತ್ತದೆ. ಸಂಕೇತ ನಾಯ್ಸಿನ ಮಟ್ಟದಲ್ಲೇ ಇರುವಾಗ ಈ ವಿಧಾನ ಊಹಿಸಲು ಏನೂ ಸಿಗದೆ ಸೋಲುತ್ತದೆ. ಆಗ ಅದನ್ನು ನಿಲ್ಲಿಸಿ, ಕಿಟಕಿಯನ್ನು 300ರಿಂದ 2,400 ಹರ್ಟ್ಸ್‌ಗೆ ಸೀಮಿತಗೊಳಿಸಿ ಕಿವಿಯಿಂದಲೇ ಕೇಳುವುದು ಮೇಲು.

ಎಫ್‌ಟಿ8, ಪಿಎಸ್‌ಕೆ31, ಆರ್‌ಟಿಟಿವೈ ಮುಂತಾದ ಡಿಜಿಟಲ್ ವಿಧಾನಗಳಲ್ಲಿ ನಾಯ್ಸ್ ಇಳಿಕೆ ಮತ್ತು ಸ್ವಯಂಚಾಲಿತ ನಾಚ್ ಎರಡನ್ನೂ ನಿಲ್ಲಿಸಲೇಬೇಕು. ಡಿಕೋಡ್ ಮಾಡುವ ತಂತ್ರಾಂಶಕ್ಕೆ ತನ್ನದೇ ಫಿಲ್ಟರುಗಳಿವೆ. ಅದಕ್ಕೆ ಬೇಕಾದದ್ದು ತಿದ್ದದ ಧ್ವನಿ. ಆರ್‌ಟಿಟಿವೈಗೆ ಬ್ಯಾಂಡ್‌ಪಾಸ್ ಹಾಕುವುದಾದರೆ 2,125 ಮತ್ತು 2,295 ಹರ್ಟ್ಸ್‌ನ ಎರಡೂ ಸ್ವರಗಳು ಒಳಗೆ ಬರುವಂತೆ ಕೇಂದ್ರವನ್ನು 2,210ರಲ್ಲಿಡಿ.

ಹಂತ 8: ಕಂಪ್ಯೂಟರಿನಲ್ಲಿ ನಡೆಯುವ ಫಿಲ್ಟರ್

ಫಿಲ್ಟರ್ ಬದಲಿಸಿದರೂ ಏನೂ ಬದಲಾಗದಿದ್ದರೆ ತಂತ್ರಾಂಶ ರಿಸೀವರನ್ನು ಬಿಟ್ಟು ಕಂಪ್ಯೂಟರಿನ ಒಳಮೈಕನ್ನು ಕೇಳುತ್ತಿರಬಹುದು. ಮೈಕಿನ ಬಳಿ ಬೆರಳಿನಿಂದ ತಟ್ಟಿ. ಧ್ವನಿಯ ಆವರ್ತನಗಳನ್ನು ಹರಿಯುವ ಚಿತ್ರವಾಗಿ ತೋರಿಸುವ ವಾಟರ್‌ಫಾಲ್‌ನಲ್ಲಿ ಗೆರೆ ಮೂಡಿದರೆ ಒಳದಾರಿ ತಪ್ಪಾಗಿದೆ. ಟಕ್ ಟಕ್ ಸದ್ದು ಮತ್ತು ನಡುನಡುವೆ ಧ್ವನಿ ಕಡಿಯುವುದು ಬಫರ್ (ಧ್ವನಿಯನ್ನು ತಾತ್ಕಾಲಿಕವಾಗಿ ಇಡುವ ಜಾಗ) ಬರಿದಾಗುವುದರ ಲಕ್ಷಣ. ಬಫರ್ ಗಾತ್ರ ಹೆಚ್ಚಿಸಿ, ಬೇಡದ ಕಾರ್ಯಕ್ರಮಗಳನ್ನು ಮುಚ್ಚಿ. ಸೌಂಡ್ ಕಾರ್ಡ್, ಆಪರೇಟಿಂಗ್ ಸಿಸ್ಟಮ್ ಮತ್ತು ತಂತ್ರಾಂಶ ಮೂರರಲ್ಲೂ ಮಾದರಿ ದರ ಒಂದೇ ಇರಲಿ, ಉದಾಹರಣೆಗೆ 48 ಕಿಲೋಹರ್ಟ್ಸ್. ಆಪರೇಟಿಂಗ್ ಸಿಸ್ಟಮ್ ಮೈಕ್ರೊಫೋನಿಗೆಂದು ತಾನಾಗಿ ಹಚ್ಚುವ ನಾಯ್ಸ್ ನಿಗ್ರಹ, ಸ್ವಯಂ ಮಟ್ಟ ಹೊಂದಾಣಿಕೆ ಮುಂತಾದವುಗಳನ್ನು ಹುಡುಕಿ ನಿಲ್ಲಿಸಿ.

ಫಿಲ್ಟರ್ ನಿಜಕ್ಕೂ ತನ್ನ ಕೆಲಸ ಮಾಡುತ್ತಿದೆಯೇ ಎಂದು ಕಣ್ಣಿನಿಂದ ನೋಡಲು ದುಬಾರಿ ಉಪಕರಣ ಬೇಡ. ಎಜಿಸಿಯನ್ನು ಹಾಗೆಯೇ ಬಿಟ್ಟು ಆಂಟೆನಾ ತೆಗೆಯಿರಿ. ರಿಸೀವರಿನ ಸ್ವಂತ ನಾಯ್ಸ್ ಐಎಫ್ ಕಿಟಕಿಯುದ್ದಕ್ಕೂ ಬಹುಮಟ್ಟಿಗೆ ಸಮನಾಗಿ ಹರಡಿರುತ್ತದೆ. ಫಿಲ್ಟರಿನಿಂದ ಹೊರಬರುವ ಧ್ವನಿಯನ್ನು ಸ್ಪೆಕ್ಟ್ರಮ್ ತೋರಿಸುವ ಯಾವುದಾದರೂ ತಂತ್ರಾಂಶಕ್ಕೆ ಕೊಟ್ಟರೆ ಫಿಲ್ಟರಿನ ಆಕಾರ ಪರದೆಯ ಮೇಲೆ ಮೂಡುತ್ತದೆ. ಅಗಲವನ್ನು ಬದಲಿಸಿದಂತೆ ಆ ಆಕಾರ ಬದಲಾಗಬೇಕು, ಕೇಂದ್ರ ನೀವು ಹೇಳಿದ ಜಾಗದಲ್ಲಿರಬೇಕು.

ಹಂತ 9: ಪೆಟ್ಟಿಗೆಯೇ ಹಳೆಯದಾಗಿದ್ದರೆ

ಇಷ್ಟಾದ ಮೇಲೂ ದೋಷ ಉಳಿದರೆ ಮಾತ್ರ ಪೆಟ್ಟಿಗೆ ಬಿಚ್ಚಿ. ಬಿಚ್ಚುವ ಮೊದಲು ಕೈಪಿಡಿಯಲ್ಲಿ ಹೇಳಿದಂತೆ ಪೂರ್ಣ ರಿಸೆಟ್ ಮಾಡಿ, ಉಳಿಸಿಟ್ಟ ಹೊಂದಾಣಿಕೆಗಳು ಕೆಟ್ಟಿದ್ದರೆ ಅದರಿಂದಲೇ ಸರಿಹೋಗಬಹುದು. ಒಳಗೆ ಮೊದಲು ನೋಡಬೇಕಾದವು ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು. ವರ್ಷಗಳು ಕಳೆದಂತೆ ಅವು ಒಣಗಿ ಹಮ್ ಮತ್ತು ಅಸ್ಥಿರತೆಗೆ ಕಾರಣವಾಗುತ್ತವೆ. ಗುಂಡಿ ತಿರುಗಿಸಿದಾಗ ಕರಕರ ಸದ್ದಾದರೆ ಪೊಟೆನ್ಶಿಯೋಮೀಟರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ಬೈಪಾಸ್ ಹಾದಿಯಲ್ಲಿ ಧ್ವನಿ ಬಿಟ್ಟುಬಿಟ್ಟು ಬಂದರೆ ರಿಲೇಯ ಸಂಪರ್ಕಗಳು ಮಾಸಿವೆ. ಇವುಗಳಲ್ಲಿ ಯಾವುದೂ ಅಲ್ಲದೆ ಧ್ವನಿ ಪೆಟ್ಟಿಗೆ ಬಿಸಿಯಾದ ಮೇಲೆ ಮಾತ್ರ ಕೆಡುತ್ತಿದ್ದರೆ ವೋಲ್ಟೇಜ್ ರೆಗ್ಯುಲೇಟರಿನ ಹೊರಮಟ್ಟವನ್ನು ಪೆಟ್ಟಿಗೆ ತಣ್ಣಗಿರುವಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅಳೆದು ಹೋಲಿಸಿ. ಅದು ಇಳಿದಿದ್ದರೆ ರೆಗ್ಯುಲೇಟರನ್ನು ಬದಲಾಯಿಸಿ, ಅದರ ಹೀಟ್‌ಸಿಂಕ್ ಗಟ್ಟಿಯಾಗಿ ಕುಳಿತಿದೆಯೇ ಎಂದೂ ನೋಡಿ.